ಮೊಬೈಲಿನಲ್ಲಿ ಸಿಕ್ಕಿದ್ದು, ಮನಸ್ಸಿನಲ್ಲಿ ಉಳಿದದ್ದು

ಸ್ಮರಣ ಸಂಚಿಕೆಯ ಸಂಪಾದಕರು ಪ್ರತಿ ವರ್ಷ ತಪ್ಪದೆ ಫೋನ್ ಮಾಡುತ್ತಾರೆ. "ಡಾಕ್ಟ್ರೇ, ಆರೋಗ್ಯದ ಬಗ್ಗೆ ಎರಡು ಪುಟ ಬರೆದುಕೊಡಿ." ನಾನೂ ತಪ್ಪದೆ ಬರೆದುಕೊಟ್ಟಿದ್ದೇನೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್, ಬೇಸಿಗೆಯಲ್ಲಿ ಎಷ್ಟು ನೀರು ಕುಡಿಯಬೇಕು, ಎಲ್ಲವೂ ಮುಗಿದಿವೆ. ಸಂಚಿಕೆ ಬಿಡುಗಡೆಯಾದ ದಿನ ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತು ಗಮನಿಸಿದ್ದೇನೆ. ಓದುಗ ಮಹಾಶಯರು ಮೊದಲು ಹುಡುಕುವುದು ತಮ್ಮ ಮಕ್ಕಳ ನೃತ್ಯದ ಫೋಟೋ. ಆಮೇಲೆ ಜಾಹೀರಾತು, ಆಮೇಲೆ ನಗೆಹನಿ. ಒಮ್ಮೆಯಂತೂ ನನ್ನ ಲೇಖನದ ಪುಟದ ಮೇಲೆಯೇ ಜಿಲೇಬಿ ಇಟ್ಟುಕೊಂಡು ಸವಿಯುತ್ತಿದ್ದವರನ್ನು ಕಂಡೆ. ಆ ಪುಟದ ವಿಷಯ ಸಕ್ಕರೆ ಕಾಯಿಲೆ!

ಆದ್ದರಿಂದ ಈ ಸಲ ಆರೋಗ್ಯದ ಲೇಖನ ಬೇಡವೆಂದು ತೀರ್ಮಾನಿಸಿದೆ. ಇತ್ತೀಚೆಗೆ ನಾನು ನೋಡಿದ ಸಿನಿಮಾ, ಕೇಳಿದ ಹಾಡು, ಅಂತರ್ಜಾಲದಲ್ಲಿ ಕೈಗೆ ಸಿಕ್ಕಿದ ಸರಕು, ಅವುಗಳ ಬಗ್ಗೆ ನನ್ನ ಪೂರ್ವಗ್ರಹಪೀಡಿತ ಅಭಿಪ್ರಾಯ, ಇಷ್ಟನ್ನೇ ಬರೆಯುತ್ತೇನೆ. ಒಪ್ಪಿದರೆ ಸಂತೋಷ, ಒಪ್ಪದಿದ್ದರೆ ಸಂಘದ ಅಂಗಳದಲ್ಲಿ ಚಹಾ ಕುಡಿಯುತ್ತಾ ಜಗಳ ಆಡೋಣ.

ನಾನು ಈ ದ್ವೀಪಕ್ಕೆ ಬಂದದ್ದು 2001ರಲ್ಲಿ. ಮೈಸೂರು ಮೆಡಿಕಲ್ ಕಾಲೇಜಿನ ಹಾಸ್ಟೆಲಿನಲ್ಲಿ ರೇಡಿಯೋ ಕೇಳಿ ಬೆಳೆದ ಕಿವಿ ನನ್ನದು. ಆಕಾಶವಾಣಿ ಎಂಬ ಹೆಸರೇ ಹುಟ್ಟಿದ್ದು ಮೈಸೂರಿನಲ್ಲಿ, 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಶುರುಮಾಡಿದ ಪುಟ್ಟ ಬಾನುಲಿ ಕೇಂದ್ರದಿಂದ ಎಂಬ ಹೆಮ್ಮೆ ಬೇರೆ. ಇಲ್ಲಿಗೆ ಬಂದ ಮೇಲೆ ಕನ್ನಡ ಎಂದರೆ ಗುದೈಬಿಯಾದ ಕ್ಯಾಸೆಟ್ ಅಂಗಡಿಯ ಮೂಲೆಯ ಒಂದು ಗೂಡು. ಮಲಯಾಳಂ, ಹಿಂದಿ, ತಮಿಳಿನ ರಾಶಿಯ ನಡುವೆ ಕನ್ನಡದ್ದು ಹತ್ತೋ ಹನ್ನೆರಡೋ ಕ್ಯಾಸೆಟ್ಟು. 2006ರ ಡಿಸೆಂಬರ್ ಕೊನೆಗೆ 'ಮುಂಗಾರು ಮಳೆ' ಬಿಡುಗಡೆಯಾಯಿತಷ್ಟೆ. ಅದರ ಹಾಡಿನ ಸಿಡಿ ನಮ್ಮ ಬಳಗಕ್ಕೆ ತಲುಪಿದ್ದು ಊರಿಂದ ಮರಳಿದ ಸ್ನೇಹಿತರೊಬ್ಬರ ಸೂಟ್‌ಕೇಸಿನಲ್ಲಿ, ಹಲಸಿನ ಹಪ್ಪಳದ ಕಟ್ಟಿನ ನಡುವೆ. ಆ ಒಂದು ಸಿಡಿ ಹದಿನಾಲ್ಕು ಮನೆ ಸುತ್ತಿ, ಗೀರು ಬಿದ್ದು, ಕೊನೆಗೆ ಮೂರನೇ ಹಾಡಿನಲ್ಲಿ ನಿಂತೇಹೋಯಿತು. ವರ್ಷಕ್ಕೆ ಒಂದು ತಿಂಗಳು ಕೂಡ ಮಳೆ ಕಾಣದ ಊರಿನಲ್ಲಿ ಕುಳಿತು ಮಳೆಯ ಹಾಡು ಕೇಳಿದ ನಮಗೆ ಅದು ಸಿನಿಮಾ ಸಂಗೀತಕ್ಕಿಂತ ಹೆಚ್ಚಿನದು. ಸಂಗೀತ ಕೊಟ್ಟ ಮನೋಮೂರ್ತಿ ಅಮೆರಿಕದಲ್ಲಿ ನೆಲೆಸಿದವರು, ಕೆಲವು ಹಾಡು ಬರೆದ ಜಯಂತ ಕಾಯ್ಕಿಣಿ ಮುಂಬಯಿಯ ಔಷಧ ಕಂಪನಿಯಲ್ಲಿ ಕೆಮಿಸ್ಟ್ ಆಗಿ ದುಡಿದವರು. ಊರು ಬಿಟ್ಟವರಿಗೆ ಆ ಹಾಡು ಅಷ್ಟು ಹಿಡಿಸಿದ್ದರ ಗುಟ್ಟು ಅಲ್ಲಿಯೇ ಇರಬೇಕು ಎಂಬುದು ನನ್ನ ವಾದ.

ಅದು ಬರಗಾಲ. ಈಗ ಪ್ರವಾಹ. ನಮ್ಮ ಗಡಿಯಾರ ಊರಿಗಿಂತ ಎರಡೂವರೆ ಗಂಟೆ ಹಿಂದೆ. ಊರಿನ ಚಿಕ್ಕಪ್ಪ ಬೆಳಗಿನ ಐದೂವರೆಗೆ ಸ್ನಾನ ಮುಗಿಸಿ ಕಳಿಸುವ ಗುಲಾಬಿ ಹೂವಿನ ಶುಭೋದಯ ನನ್ನ ತಲೆದಿಂಬಿನ ಪಕ್ಕ ರಾತ್ರಿ ಮೂರಕ್ಕೆ 'ಟಿಂಗ್' ಎನ್ನುತ್ತದೆ. ಎದ್ದು ನೋಡುವಷ್ಟರಲ್ಲಿ ಹೂವಿನ ಹಿಂದೆ ಸುಭಾಷಿತ, ಅದರ ಹಿಂದೆ ಕಷಾಯ, ಅದರ ಹಿಂದೆ 'ಯುನೆಸ್ಕೋ ಘೋಷಣೆ'. ನಮ್ಮ ರಾಷ್ಟ್ರಗೀತೆ ಜಗತ್ತಿನಲ್ಲೇ ಶ್ರೇಷ್ಠವೆಂದು ಯುನೆಸ್ಕೋ ಘೋಷಿಸಿತೆಂಬ ಸುಳ್ಳು ಸುಮಾರು 2008ರಿಂದ ಓಡಾಡುತ್ತಿದೆ. ಅದಕ್ಕೆ ದಣಿವೇ ಇಲ್ಲ. ನಮ್ಮ ರಾಷ್ಟ್ರಗೀತೆಯ ಹಿರಿಮೆಗೆ ಪ್ಯಾರಿಸ್ಸಿನ ಕಚೇರಿಯೊಂದರ ಸರ್ಟಿಫಿಕೇಟು ಏಕೆ ಬೇಕೋ ನನಗಂತೂ ತಿಳಿಯದು.

ನಮ್ಮ ವೃತ್ತಿಯಲ್ಲಿ ಒಂದು ಅಭ್ಯಾಸವುಂಟು. ಸಹಿ ಮತ್ತು ಮೊಹರು ಇಲ್ಲದ ಚೀಟಿಗೆ ಔಷಧ ಅಂಗಡಿಯವನು ಮಾತ್ರೆ ಕೊಡುವುದಿಲ್ಲ. ಫೋನಿನಲ್ಲಿ ಬಂದದ್ದಕ್ಕೂ ನಾನು ಮೊದಲು ಸಹಿ ಹುಡುಕುತ್ತೇನೆ. ಯಾರು ಮಾಡಿದ್ದು? ಹೆಸರು ಹಾಕಿದ್ದಾರೆಯೇ? ಹೀಗೆ ಹುಡುಕುತ್ತಾ ಹೋದಾಗ ಕೆಲವು ಅಪರೂಪದ ಜನ ಸಿಕ್ಕಿದರು.

ಮೊದಲನೆಯವರು ವಿ. ಕೃಷ್ಣ. ಸುಮಾರು ನಾಲ್ಕು ದಶಕ ಒಬ್ಬರೇ ಕುಳಿತು ಕನ್ನಡ-ಇಂಗ್ಲಿಷ್ ನಿಘಂಟು ಸಿದ್ಧಪಡಿಸಿದವರು. ಒಂದೂವರೆ ಲಕ್ಷಕ್ಕೂ ಮೀರಿದ ಪದಗಳು! ಬಾಸೆಲ್ ಮಿಷನ್ನಿನ ಕಿಟ್ಟೆಲ್ ಸಾಹೇಬರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಮಹಾ ನಿಘಂಟಿನಲ್ಲಿ ಇದ್ದದ್ದು ಸುಮಾರು ಎಪ್ಪತ್ತು ಸಾವಿರ. ಕೃಷ್ಣ ಅವರ ಕೆಲಸ 2019ರಲ್ಲಿ 'ಅಲರ್' ಎಂಬ ಹೆಸರಿನಲ್ಲಿ ಅಂತರ್ಜಾಲಕ್ಕೆ ಬಂತು, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ನನ್ನ ಮೇಜಿನ ಕಂಪ್ಯೂಟರಿನಲ್ಲಿ ರಕ್ತಪರೀಕ್ಷೆಯ ವರದಿಯ ಪಕ್ಕದಲ್ಲೇ ಅದು ತೆರೆದಿರುತ್ತದೆ. ಏಕೆಂದರೆ ನನ್ನ ರೋಗಿಗಳ ಕನ್ನಡ ಒಂದೇ ಅಲ್ಲ. ಮಂಡ್ಯದವನು ಒಂದು ಹೇಳುತ್ತಾನೆ, ಬೀದರಿನವನು ಇನ್ನೊಂದು, ಕುಂದಾಪುರದವರು ಮೂರನೆಯದು. ಕಾಲು 'ಜೋಮು ಹಿಡಿಯುವುದು', 'ಚುಮುಚುಮು ಅನ್ನುವುದು', 'ಸೆಳೆಯುವುದು', 'ಕುಟುಕುವುದು', ಇವೆಲ್ಲ ಒಂದೇ ಕಾಯಿಲೆಯಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಮಾತ್ರ ಎಲ್ಲವೂ 'ಪೇನ್' ಆಗಿಬಿಡುತ್ತದೆ.

ಎರಡನೆಯವರು ಶೇಷಾದ್ರಿವಾಸು ಚಂದ್ರಶೇಖರನ್. 1998ರಲ್ಲಿ 'ಬರಹ' ತಂತ್ರಾಂಶ ಕೊಟ್ಟ ಕನ್ನಡಿಗ. ಈ ಸಂಚಿಕೆಯ ಹಳೆಯ ಪ್ರತಿಗಳನ್ನು ಅಕ್ಷರ ಜೋಡಿಸಿದವರಿಗೆ ಅವರ ಋಣ ಗೊತ್ತು. ಅದಿಲ್ಲದಿದ್ದರೆ ನಮ್ಮ ಲೇಖನಗಳು ಕೈಬರಹದಲ್ಲಿ ವಿಮಾನ ಹತ್ತಿ ಮಂಗಳೂರಿನ ಮುದ್ರಣಾಲಯಕ್ಕೆ ಹೋಗಬೇಕಿತ್ತು. ಡಾಕ್ಟರ ಕೈಬರಹ ಬೇರೆ! ಅಲ್ಲಿನವರು 'ಹೃದಯ'ವನ್ನು 'ಹರದಾರಿ' ಎಂದು ಓದಿಕೊಂಡರೂ ಆಶ್ಚರ್ಯವಿಲ್ಲ.

ಇನ್ನಿಬ್ಬರು ನನ್ನ ಜಾತಿಯವರೇ, ಅಂದರೆ ಡಾಕ್ಟರ ಜಾತಿ. ದೂರದರ್ಶನ ಚಂದನದಲ್ಲಿ 2002ರಿಂದ 'ಥಟ್ ಅಂತ ಹೇಳಿ' ನಡೆಸಿಕೊಂಡು ಬಂದ ಡಾ. ನಾ. ಸೋಮೇಶ್ವರ ಒಬ್ಬರು. ಸಾವಿರಾರು ಕಂತು, ಸರಿ ಉತ್ತರಕ್ಕೆ ಬಹುಮಾನ ಪುಸ್ತಕ. ಕೋಟಿಗಟ್ಟಲೆ ಹಣದ ಆಮಿಷವಿಲ್ಲ, ಢಂ ಎನ್ನುವ ಸಂಗೀತವಿಲ್ಲ, ಸೋತವರು ಅಳುವ ದೃಶ್ಯವನ್ನು ನಿಧಾನಗತಿಯಲ್ಲಿ ತೋರಿಸುವುದಿಲ್ಲ. ಯೂಟ್ಯೂಬಿನಲ್ಲಿ ಹಳೆಯ ಕಂತುಗಳಿವೆ. ಊಟದ ಹೊತ್ತಿಗೆ ಹಾಕಿ, ಮನೆಮಂದಿಯೆಲ್ಲ ಉತ್ತರ ಕೂಗುವುದು ನಮ್ಮ ಮನೆಯ ಪದ್ಧತಿ. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಕನ್ನಡ ಓದುವುದು ಅಕ್ಷರ ಕೂಡಿಸಿಕೊಂಡು, ನಿಧಾನವಾಗಿ. ಆದರೆ ಗಾದೆ ಪೂರ್ತಿ ಮಾಡುವ ಸುತ್ತಿನಲ್ಲಿ ನನ್ನನ್ನೇ ಸೋಲಿಸುತ್ತಾಳೆ. ಅವಳ ಗುರು ಅಜ್ಜಿ, ಅಭ್ಯಾಸದ ಮನೆ ಮೊಬೈಲು.

ಇನ್ನೊಬ್ಬರು 'ರಾಶಿ', ಅಂದರೆ ಡಾ. ಎಂ. ಶಿವರಾಂ. ಬೆಂಗಳೂರಿನಲ್ಲಿ ವೈದ್ಯರಾಗಿದ್ದುಕೊಂಡೇ 1942ರಲ್ಲಿ 'ಕೊರವಂಜಿ' ಹಾಸ್ಯ ಪತ್ರಿಕೆ ಶುರುಮಾಡಿ ಇಪ್ಪತ್ತೈದು ವರ್ಷ ನಡೆಸಿದವರು. ಅದರ ಹಳೆಯ ಸಂಚಿಕೆಗಳು ಅಂತರ್ಜಾಲದಲ್ಲಿ ಓದಲು ಸಿಗುತ್ತವೆ. ಆರ್.ಕೆ. ಲಕ್ಷ್ಮಣ್ ಇನ್ನೂ ಮೈಸೂರಿನ ಹುಡುಗನಾಗಿದ್ದಾಗ ಬರೆದ ವ್ಯಂಗ್ಯಚಿತ್ರಗಳು ಅಲ್ಲಿವೆ. ರಾತ್ರಿ ಪಾಳಿ ಮುಗಿಸಿ ಬಂದು ನಿದ್ದೆ ಹತ್ತದಿದ್ದಾಗ ನಾನು ತೆರೆಯುವುದು ಅದನ್ನೇ. ಪಡಿತರದ ಸಕ್ಕರೆ, ಬಸ್ಸಿನ ನೂಕುನುಗ್ಗಲು, ಮನೆ ಹುಡುಕುವ ಕಷ್ಟ, ಎಂಬತ್ತು ವರ್ಷದ ಹಿಂದಿನ ನಗೆ ಇವತ್ತಿಗೂ ಹಳಸಿಲ್ಲ. ಇದೇ ಲಕ್ಷ್ಮಣರ ಗೆರೆಗಳನ್ನು ಆಮೇಲೆ ನಾವೆಲ್ಲ ನೋಡಿದ್ದು ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್'ನಲ್ಲಿ. ಅದೂ ಈಗ ಬೆರಳ ತುದಿಯಲ್ಲಿದೆ. ಮಕ್ಕಳಿಗೆ ತೋರಿಸಿ, ಹಿಂದಿಯಲ್ಲಿದ್ದರೂ ಅಡ್ಡಿಯಿಲ್ಲ. ಆ ಜಗಲಿ, ಆ ಮಳೆ ನಮ್ಮದೇ.

ಸಿನಿಮಾಕ್ಕೆ ಬರುತ್ತೇನೆ. ಇತ್ತೀಚಿನ ದೊಡ್ಡ ಚಿತ್ರಗಳಲ್ಲಿ ನಾಯಕ ಮಾತಾಡುವುದಕ್ಕಿಂತ ಹೆಚ್ಚು ಹೊಗೆ ಬಿಡುತ್ತಾನೆ. ಶ್ವಾಸಕೋಶದ ಮೇಲಿನ ಕರುಣೆಯಿಂದ ಅವುಗಳ ಬಗ್ಗೆ ಬರೆಯುವುದಿಲ್ಲ. ಪವನ್ ಕುಮಾರ್ ಜನರಿಂದಲೇ ಹಣ ಕೂಡಿಸಿ 2013ರಲ್ಲಿ ತೆರೆಗೆ ತಂದ 'ಲೂಸಿಯಾ' ಚೆನ್ನಾಗಿತ್ತು. ನಿದ್ದೆ ಬಾರದವನು ಮಾತ್ರೆ ನುಂಗಿ ಕನಸು ಕಾಣುವ ಕಥೆ. ಅದನ್ನು ನೋಡಿ ನನ್ನ ಬಳಿ ಅಂಥದೇ ಮಾತ್ರೆ ಕೇಳಿದವರು ಇಬ್ಬರು.

ಆದರೆ ನನ್ನ ಆಯ್ಕೆ 'ತಿಥಿ'. ರಾಮ್ ರೆಡ್ಡಿ ನಿರ್ದೇಶನ, 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು, 2016ರಲ್ಲಿ ಊರಿಗೆ ಬಂತು. ಮಂಡ್ಯ ಜಿಲ್ಲೆಯ ಹಳ್ಳಿಯ ಜನರೇ ನಟರು. ನನ್ನಾಕೆ ಕುಂದಾಪುರದ ಕಡೆಯವಳು. ನಾನು ಬಿದ್ದು ಬಿದ್ದು ನಗುವಾಗ ಅವಳು "ರೀ, ಅವ ಎಂತ ಹೇಳಿದ್ದು?" ಎಂದು ಕೇಳುತ್ತಲೇ ಇದ್ದಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡಿದ್ದು ಅದೇ ಮೊದಲು. 2022ರಲ್ಲಿ 'ಕಾಂತಾರ' ಬಂದಾಗ ಅವಳು ಸೇಡು ತೀರಿಸಿಕೊಂಡಳು. ಪಂಜುರ್ಲಿ ಯಾರು, ಗುಳಿಗ ಯಾರು, ಕೋಲದ ಕಟ್ಟಲೆ ಏನು ಎಂದು ಮೈಸೂರಿನ ಮಂಕನಿಗೆ ಪಾಠ ಹೇಳಿಯೇ ಥಿಯೇಟರಿಗೆ ಕರೆದುಕೊಂಡು ಹೋದಳು. ಕೊನೆಯ ಇಪ್ಪತ್ತು ನಿಮಿಷ ನಮ್ಮ ಸಾಲಿನಲ್ಲಿ ಕುಳಿತ ಕರಾವಳಿಯವರು ಯಾರೂ ಸಿಳ್ಳೆ ಹೊಡೆಯಲಿಲ್ಲ. ಒಬ್ಬ ಹಿರಿಯರು ಚಪ್ಪಲಿ ಬಿಟ್ಟು ಕುಳಿತಿದ್ದರು. ಅದನ್ನು ನೋಡಿದ ಮೇಲೆ, ಮದುವೆ ಮನೆಯಲ್ಲಿ, ಪಾರ್ಟಿಯಲ್ಲಿ ಆ ದೈವದ ಕೂಗನ್ನು ಅಣಕಿಸಿ ರೀಲ್ಸ್ ಮಾಡುವವರನ್ನು ಕಂಡರೆ ನನಗೆ ಕಸಿವಿಸಿ. 2025ರ ಅಕ್ಟೋಬರಿನಲ್ಲಿ ಎರಡನೆಯ ಚಿತ್ರ ಬಂದಾಗ ದೈವವನ್ನು ಅನುಕರಿಸಬೇಡಿ ಎಂದು ನಿರ್ಮಾಪಕರೇ ಮನವಿ ಮಾಡಬೇಕಾಯಿತು.

ಕರಾವಳಿಯ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ನನಗೆ ತಾಳಮದ್ದಲೆಯ ಹುಚ್ಚು ಹತ್ತಿದ್ದು ಊರಿನಲ್ಲಲ್ಲ, ಸೌದಿಗೆ ಹೋಗುವ ಕಾಸ್‌ವೇ ಮೇಲೆ. 1986ರಲ್ಲಿ ತೆರೆದ ಆ ಇಪ್ಪತ್ತೈದು ಕಿಲೋಮೀಟರ್ ಸೇತುವೆಯನ್ನು ವಾರಾಂತ್ಯದಲ್ಲಿ ದಾಟಿದವರಿಗೆ ಕಾಯುವುದೆಂದರೇನೆಂದು ಗೊತ್ತು. ಹಿಂದೆ ಮುಂದೆ ಕಾರುಗಳು, ಎರಡೂ ಕಡೆ ಸಮುದ್ರ. ಒಮ್ಮೆ ನನ್ನಾಕೆ ಬೇಸರ ಕಳೆಯಲು ಶೇಣಿ ಗೋಪಾಲಕೃಷ್ಣ ಭಟ್ಟರ ಹಳೆಯ ಧ್ವನಿಮುದ್ರಣ ಹಾಕಿದಳು. ವಾಲಿ ಬಾಣ ತಿಂದು ಬಿದ್ದಿದ್ದಾನೆ, ರಾಮನನ್ನು ಪ್ರಶ್ನೆ ಕೇಳುತ್ತಿದ್ದಾನೆ. ವೇಷವಿಲ್ಲ, ಕುಣಿತವಿಲ್ಲ, ಬರೀ ಮಾತು. ಒಂದೊಂದು ಪ್ರಶ್ನೆಯೂ ವಕೀಲನ ಪಾಟೀಸವಾಲಿನ ಹಾಗೆ ಇನ್ನೊಂದಕ್ಕೆ ದಾರಿ ಕಟ್ಟುತ್ತದೆ. ಸರತಿ ಸಾಲು ಮುಂದೆ ಸರಿದದ್ದೇ ನನಗೆ ತಿಳಿಯಲಿಲ್ಲ, ಹಿಂದಿನವನು ಹಾರನ್ ಹೊಡೆದ. ಕಾಸರಗೋಡಿನ ನೆಲದ ಈ ಮಹಾನುಭಾವರು 2006ರಲ್ಲಿ ತೀರಿಕೊಂಡರು. ಮೈಸೂರಿನ ನಾನು ಅವರನ್ನು ಭೇಟಿಯಾದದ್ದು ಅರಬ್ಬಿ ನೀರಿನ ಮೇಲೆ, ಅದೆಷ್ಟೋ ವರ್ಷ ತಡವಾಗಿ.

ಇಷ್ಟೆಲ್ಲ ಸಿಹಿ ಆಯಿತು. ಇನ್ನು ಸ್ವಲ್ಪ ಕಹಿ. ಸಂಪಾದಕರು ಕ್ಷಮಿಸಬೇಕು, ಆರೋಗ್ಯ ಹಿಂಬಾಗಿಲಿನಿಂದ ಬರುತ್ತಿದೆ.

2021ರ ಅಕ್ಟೋಬರ್ 29. ಪುನೀತ್ ರಾಜ್‌ಕುಮಾರ್ ಹೋದರು, ವಯಸ್ಸು 46. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಜನ ಮುಗಿಬಿದ್ದದ್ದು ಪತ್ರಿಕೆಯಲ್ಲಿ ಬಂತು. ಇಲ್ಲಿ ನನ್ನ ಕೋಣೆಯ ಮುಂದೆಯೂ ಕನ್ನಡದವರ ಸಾಲು. "ಇಸಿಜಿ ತೆಗೀರಿ ಡಾಕ್ಟ್ರೇ, ಅಪ್ಪುಗೇ ಹೀಗಾದ್ರೆ ನಮ್ಮ ಗತಿ ಏನು?" ಒಳ್ಳೆಯದೇ ಆಯಿತು, ನಾಲ್ಕಾರು ಮಂದಿಯ ಅಡಗಿದ್ದ ರಕ್ತದೊತ್ತಡ ಸಿಕ್ಕಿತು. ಅವರ ಕಣ್ಣುದಾನವಂತೂ ನಮ್ಮ ವೈದ್ಯಲೋಕಕ್ಕೂ ಪಾಠ. ಕಾರ್ನಿಯಾದ ಮುಂದಿನ ಪದರ, ಹಿಂದಿನ ಪದರ ಬೇರೆ ಬೇರೆ ಮಾಡಿ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಕೊಟ್ಟರು. ತಂದೆ ಡಾ. ರಾಜ್ ಕಣ್ಣು ಕೊಟ್ಟದ್ದು 2006ರಲ್ಲಿ. ಒಬ್ಬ ನಟ ಸತ್ತ ಮೇಲೂ ಇಷ್ಟು ಜನರನ್ನು ನೇತ್ರದಾನದ ಅರ್ಜಿಯ ಮುಂದೆ ಕೂರಿಸಿದ್ದನ್ನು ಯಾವ ಆರೋಗ್ಯ ಇಲಾಖೆಯ ಪೋಸ್ಟರೂ ಮಾಡಿರಲಾರದು.

ಆದರೆ ಅದೇ ವಾರ ಸಹಿಯಿಲ್ಲದ ಸರಕೂ ಹೊರಟಿತು. ಒಬ್ಬರೇ ಇದ್ದಾಗ ಹೃದಯಾಘಾತವಾದರೆ ಜೋರಾಗಿ ಕೆಮ್ಮುತ್ತಾ ಇರಿ, ಹೃದಯ ಸರಿಹೋಗುತ್ತದೆ ಎಂಬ ಸಂದೇಶ. ದಯವಿಟ್ಟು ನಂಬಬೇಡಿ. ಕೆಮ್ಮುತ್ತಾ ಕೂತರೆ ಹೋಗುವುದು ಅಮೂಲ್ಯ ಸಮಯ. 999ಕ್ಕೆ ಕರೆ ಮಾಡಿ, ಬಾಗಿಲ ಚಿಲಕ ತೆಗೆದಿಡಿ, ಕುಳಿತುಕೊಳ್ಳಿ. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿ ಹಬ್ಬಿದಾಗಲೂ ಹೀಗೆಯೇ ಆಯಿತು. ತಜ್ಞರ ಸಮಿತಿ ಸಾವುಗಳಲ್ಲಿ ಅಸಹಜ ಏರಿಕೆ ಇಲ್ಲವೆಂದು ವರದಿ ಕೊಡುವಷ್ಟರಲ್ಲಿ ಹತ್ತು ಬಗೆಯ ಕಷಾಯ ಈ ದ್ವೀಪಕ್ಕೂ ತಲುಪಿತ್ತು.

ಇದನ್ನು ನಗುತ್ತಾ ಬರೆಯಬಹುದಿತ್ತು, ಒಬ್ಬರು ನನ್ನ ಮುಂದೆ ಕುಳಿತಿರದಿದ್ದರೆ. ಹೆಸರು ಬೇಡ. ಊರಿನ ಕಡೆಯವರು, ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವವರು, ಐವತ್ತರ ಆಸುಪಾಸು. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಬೆಂಡೆಕಾಯಿ ಸೀಳಿ ರಾತ್ರಿ ನೀರಿನಲ್ಲಿ ನೆನೆಸಿಟ್ಟು ಬೆಳಿಗ್ಗೆ ಕುಡಿಯಿರಿ, ಸಕ್ಕರೆ 140ಕ್ಕಿಂತ ಕೆಳಗೆ ಬಂದರೆ ಮಾತ್ರೆ ಬಿಡಬಹುದು ಎಂಬ ಸಂದೇಶ ಅವರಿಗೆ ಬಂತು. ಕುಡಿದರು. ಇಲ್ಲಿಯೇ ಕೊಂಡ ಯಂತ್ರದಲ್ಲಿ ನೋಡಿಕೊಂಡರು, 14 ತೋರಿಸಿತು. "ಬರೀ ಹದ್ನಾಲ್ಕ್ ಇತ್ತ್ ಡಾಕ್ಟ್ರೇ, ಮತ್ತೆ ಮಾತ್ರಿ ಎಂತಕ್ಕೆ ಅಂತ ಬಿಟ್ಟೆ."

ಓದುಗರೇ, ಇದೊಂದನ್ನು ಮಾತ್ರ ಜಿಲೇಬಿ ಪಕ್ಕಕ್ಕಿಟ್ಟು ಓದಿ. ಊರಿನ ಲ್ಯಾಬಿನಲ್ಲಿ ಸಕ್ಕರೆ ಅಳೆಯುವುದು ಮಿಲಿಗ್ರಾಂ ಲೆಕ್ಕದಲ್ಲಿ, ಇಲ್ಲಿ ಮಿಲಿಮೋಲ್ ಲೆಕ್ಕದಲ್ಲಿ. ಇಲ್ಲಿನ ಅಂಕಿಯನ್ನು 18ರಿಂದ ಗುಣಿಸಿದರೆ ಊರಿನ ಅಂಕಿ. ಇಲ್ಲಿನ 7 ಎಂದರೆ ಅಲ್ಲಿನ 126. ಖಾಲಿ ಹೊಟ್ಟೆಯಲ್ಲಿ ಅಷ್ಟಿದ್ದರೇ ಸಕ್ಕರೆ ಕಾಯಿಲೆ ಎನ್ನುತ್ತೇವೆ. ಇಲ್ಲಿನ 14 ಎಂದರೆ ಅಲ್ಲಿನ 252! ಅವರು ಮೂರು ತಿಂಗಳು ಬೆಂಡೆಕಾಯಿ ನೀರು ಕುಡಿದು, ನನ್ನ ಬಳಿ ಬಂದಾಗ ಇದ್ದದ್ದು 22, ಅಂದರೆ ಸುಮಾರು 400. ಕಾಲಿನ ನರ ಮರಗಟ್ಟಿದ್ದರಿಂದ ಅಡುಗೆಮನೆಯಲ್ಲಿ ಹೆಬ್ಬೆರಳಿಗೆ ಸುಟ್ಟ ಗಾಯ ಆದದ್ದೇ ಗೊತ್ತಾಗಿರಲಿಲ್ಲ. ಎರಡು ಬೆರಳು ತೆಗೆಯಬೇಕಾಯಿತು.

ಅವರ ಫೋನಿನಲ್ಲಿ ಆ ಸಂದೇಶ ಓದಿದೆ. ಕನ್ನಡ ಎಷ್ಟು ಸೊಗಸಾಗಿತ್ತು ಗೊತ್ತೇ? ಚಿಕ್ಕ ವಾಕ್ಯ, ಮನೆಯ ಹಿರಿಯರು ಹೇಳುವಂಥ ದನಿ. ಆಸ್ಪತ್ರೆಯವರು ಅವರ ಕೈಗೆ ಕೊಟ್ಟಿದ್ದ ಕಾಗದ ಅರಬ್ಬಿ ಮತ್ತು ಇಂಗ್ಲಿಷಿನಲ್ಲಿತ್ತು. ಮನುಷ್ಯ ತನ್ನ ಭಾಷೆಯಲ್ಲಿ ಮಾತಾಡಿದವರನ್ನು ನಂಬುತ್ತಾನೆ. ಒಂದು ಕಾಲದಲ್ಲಿ ಡಾ. ಅನುಪಮಾ ನಿರಂಜನರ 'ತಾಯಿ-ಮಗು' ಬಸುರಿಯರ ತಲೆದಿಂಬಿನ ಕೆಳಗೆ ಇರುತ್ತಿತ್ತು, ಹೊದಿಕೆಯ ಮೇಲೆ ಬರೆದವರ ಹೆಸರಿನ ಸಮೇತ. ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ಎಷ್ಟೊಂದು ಕನ್ನಡ ಪುಸ್ತಕ ಬರೆದರು. ಆ ಜಾಗ ಈಗ ಮೊಬೈಲಿನದು, ಅಲ್ಲಿ ಬರೆಯುವವರಿಗೆ ಹೆಸರಿಲ್ಲ.

ಆ ಘಟನೆಯ ನಂತರ ನಾನೂ ಕನ್ನಡದಲ್ಲಿ ಧ್ವನಿ ಸಂದೇಶ ಮಾಡತೊಡಗಿದೆ. ಒಂದೂವರೆ ನಿಮಿಷ, ಒಂದೇ ವಿಷಯ, ಆರಂಭದಲ್ಲಿ ನನ್ನ ಹೆಸರು, ಎಂಬಿಬಿಎಸ್, ಎಂಡಿ. ಹೋಟೆಲ್ ಮತ್ತು ಗ್ಯಾರೇಜಿನ ಹುಡುಗರ ಗುಂಪಿಗೆ ಶುಕ್ರವಾರ ಬೆಳಿಗ್ಗೆ ಹೋಗುತ್ತದೆ. ಮೊದಲನೆಯದು ಈ ಹದಿನೆಂಟರ ಮಗ್ಗಿಯೇ. ಕುಂದಾಪುರದ ಮಾತಿಗೆ ತಿದ್ದಿಕೊಟ್ಟವಳು ನನ್ನಾಕೆ, "ನಿಮ್ಮ ಮೈಸೂರು ಕನ್ನಡ ಕೇಳಿದ್ರೆ ಅವ್ರಿಗೆ ವಾರ್ತೆ ಕೇಳಿದ ಹಾಗೆ ಆತ್ತ್" ಎಂದು. ಎರಡು ತಿಂಗಳ ನಂತರ ಆ ಸಂದೇಶ ಊರು ಸುತ್ತಿ ನನ್ನ ಚಿಕ್ಕಪ್ಪನಿಂದ ನನಗೇ ವಾಪಸು ಬಂತು, ರಾತ್ರಿ ಮೂರಕ್ಕೆ! ಆರಂಭದ ನನ್ನ ಹೆಸರನ್ನು ಯಾರೋ ಕತ್ತರಿಸಿದ್ದರು. ಕೆಳಗೆ, 'ಪ್ರಖ್ಯಾತ ತಜ್ಞರು ಹೇಳಿದ್ದು, ಎಲ್ಲರಿಗೂ ಕಳಿಸಿ' ಎಂದಿತ್ತು. ಈಗ ನಾನು ಹೆಸರನ್ನು ಆರಂಭದಲ್ಲಿ, ನಡುವೆ, ಕೊನೆಗೆ, ಮೂರು ಸಲ ಹೇಳುತ್ತೇನೆ.

ಕೊನೆಯದಾಗಿ, ಎಷ್ಟು ಹುಡುಕಿದರೂ ಅಂತರ್ಜಾಲದಲ್ಲಿ ಸಿಗದ ಒಂದರ ಬಗ್ಗೆ. 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಭಾಗವತ ಕಾಳಿಂಗ ನಾವಡರ ಪದ್ಯಗಳು ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ. ಆದರೆ ನನ್ನ ಮಾವನವರು ಬಯಲಾಟದ ಗದ್ದೆಯಲ್ಲಿ ಕುಳಿತು ತಾವೇ ಧ್ವನಿಮುದ್ರಿಸಿಕೊಂಡ ಒಂದು ಕ್ಯಾಸೆಟ್ಟು ನಮ್ಮ ಬಳಿಯಿದೆ. ನಾವಡರ ದನಿಯ ಜೊತೆಗೆ ಮಾವನವರ ಕೆಮ್ಮು, ಪಕ್ಕದಲ್ಲಿ ಕುಳಿತ ಅತ್ತೆಯವರ ಮಾತು ಅದರಲ್ಲಿ ಇರಬೇಕು ಎಂದು ನನ್ನಾಕೆ ಹೇಳುತ್ತಾಳೆ. ಅವರಿಬ್ಬರೂ ಈಗಿಲ್ಲ. ಮನಾಮಾದ ಸೂಕ್‌ನಲ್ಲಿ ನಾಲ್ಕು ಅಂಗಡಿ ತಿರುಗಿದೆ, ಸರಿಯಾಗಿ ಓಡುವ ಟೇಪ್‌ರೆಕಾರ್ಡರ್ ಸಿಗಲಿಲ್ಲ. ಈ ಸಂಚಿಕೆ ಓದುತ್ತಿರುವ ಯಾರ ಮನೆಯ ಅಟ್ಟದಲ್ಲಾದರೂ ಒಂದು ಇದ್ದರೆ ಸಂಘದ ಕಚೇರಿಗೆ ದಯವಿಟ್ಟು ತಿಳಿಸಿ. ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ, ಜೋಪಾನವಾಗಿ ವಾಪಸು ಕೊಡುತ್ತೇನೆ.